ಶಾಲೆಯಲ್ಲಿ ಕ್ಯಾಮೆರಾ, ತಪಾಸಣೆ ಜಾಸ್ತಿಯಾದರೆ ಮಕ್ಕಳಿಗೆ ‘ಇದು ನಮ್ಮ ಶಾಲೆ’ ಅನ್ನಿಸುತ್ತದೆಯೇ?

ಕ್ಯಾಮೆರಾ ಎಲ್ಲಿದೆ, ಯಾಕಿದೆ ಅನ್ನುವುದರ ಮೇಲಿದೆ. ಧಾರವಾಡದಲ್ಲಿ ನನ್ನ ಮಗಳ ಶಾಲೆಯ ಗೇಟಿಗೆ ಕ್ಯಾಮೆರಾ ಬಂದಾಗ ಮಕ್ಕಳು ತಲೆ ಕೆಡಿಸಿಕೊಳ್ಳಲಿಲ್ಲ. ಹೊರಗಿನವರ ಮೇಲೆ ಕಣ್ಣಿಡಲು, ಅಷ್ಟೇ. ತರಗತಿಯೊಳಗೂ ಹಾಕಿ, ದಿನಾ ಬ್ಯಾಗು ತಡಕಾಡಲು ಶುರು ಮಾಡಿದಾಗ ಅವಳು ಕೇಳಿದಳು: “ಪಪ್ಪಾ, ನಾವೇನ್ ಕಳ್ಳರೇನು?”

ಅದೇ ಗೇಟಿನಲ್ಲಿ ಒಬ್ಬ ಕಾಕಾ ಕೂರುತ್ತಾರೆ. ಐಡಿ ಕಾರ್ಡ್ ನೋಡುವ ಮೊದಲೇ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ. ಮಳೆ ಬಂದು ಆಟೋ ತಡವಾದರೆ ತಮ್ಮ ಪುಟ್ಟ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಯಾವ ಮಗುವನ್ನು ಯಾರು ಕರೆದೊಯ್ಯುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಇದೂ ಭದ್ರತೆಯೇ ಅಲ್ವಾ?

2012ರ ಪೋಕ್ಸೊ ಕಾಯ್ದೆಯಲ್ಲಿ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೂ ಅಪರಾಧ. ಆದರೆ ಮಗು ಬಾಯಿ ಬಿಟ್ಟರೆ ತಾನೇ ಗೊತ್ತಾಗುವುದು? ತನ್ನನ್ನೇ ಅನುಮಾನಿಸುವವರ ಹತ್ತಿರ ಯಾವ ಮಗುವೂ ಸುಮ್ನೆ ಹೋಗಿ ಹೇಳಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಅವರ ಕಣ್ಣಿಗೆ ಬೀಳುವ ಗೋಡೆಗೆ ಬರೆಸಿ. ಕ್ಯಾಮೆರಾದ ರೆಕಾರ್ಡಿಂಗ್ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಅಂತ ಪಾಲಕರ ಸಭೆಯಲ್ಲಿ ಕೇಳಿ. ನಾನು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.