ಕಲಬುರಗಿಯಲ್ಲಿ ನಾಲ್ಕು ಜನರ ಮನೆ: ತಿಂಗಳ ಸಾಮಾನಿನ ಖರ್ಚು ಇಳಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಬೆಂಗಳೂರಿನಿಂದ ವರ್ಗವಾಗಿ ಕಲಬುರಗಿಗೆ ಬಂದಿದ್ದೀರಿ, ಮನೆಯಲ್ಲಿ ನಾಲ್ಕು ಜನ, ಆಫರ್ ನೋಡಿ ನೋಡಿ ಮಾರ್ಟ್‌ನಲ್ಲೇ ತಿಂಗಳ ಸಾಮಾನು ತಂದರೂ ಬಿಲ್ ಇಳಿಯುತ್ತಿಲ್ಲ, ಇಲ್ಲಿ ಯಾವ ಅಂಗಡಿಯಲ್ಲಿ ಅಗ್ಗ, ಕಿರಾಣಿಯಲ್ಲಿ ಉದ್ರಿ, ಅಂದರೆ ಸಾಲ, ಬರೆಸಬಹುದಾ?

ಅಂಗಡಿ ಹುಡುಕುವುದನ್ನು ಸ್ವಲ್ಪ ಬದಿಗಿಡಿ. ಎಲ್ಲವನ್ನೂ ತಿಂಗಳಿಗೊಮ್ಮೆ ತರುತ್ತಿದ್ದೀರಲ್ಲ, ದುಡ್ಡು ಸೋರುವುದು ಅಲ್ಲೇ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ ಅಂತ ಸಾಮಾನೂ ತಿಂಗಳಿಗೊಮ್ಮೆ ತರುವ ರೂಢಿ ಬಿದ್ದಿದೆ ಅಷ್ಟೇ. ನಮ್ಮ ಕಡೆ ಹಳೆ ಮನೆಗಳಲ್ಲಿ ಇಂದಿಗೂ ಕೆಲವು ಸಾಮಾನು ವರ್ಷಕ್ಕೊಮ್ಮೆ ಬರುತ್ತವೆ, ಕೆಲವು ತಿಂಗಳಿಗೆ, ಕಾಯಿಪಲ್ಲೆ ಎರಡು ದಿನಕ್ಕೊಮ್ಮೆ. ಈ ವಿಂಗಡಣೆ ಕೈಗೆ ಹತ್ತಿದರೆ ಅರ್ಧ ಕೆಲಸ ಆಯಿತು.

ಮೊದಲು ತೊಗರಿಬೇಳೆ. ನೀವು ತೊಗರಿ ಕಣಜಕ್ಕೇ ಬಂದು ಕೂತಿದ್ದೀರಿ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಗುರುತು, ಬಂದಿದೆ, ಊರ ಸುತ್ತ ದಾಲ್‌ಮಿಲ್‌ಗಳಿವೆ. ಹಾಗಿದ್ದೂ ಇಲ್ಲಿ ಎಷ್ಟೋ ಜನ ಬಣ್ಣದ ಪ್ಯಾಕೆಟ್‌ನಲ್ಲಿ ಒಂದೊಂದು ಕಿಲೋ ಬೇಳೆ ತರುತ್ತಾರೆ, ಅದು ನನಗೆ ಯಾವತ್ತೂ ಅರ್ಥವಾಗಿಲ್ಲ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿ ಹೊತ್ತಿಗೆ ರಾಶಿ ಆಗುತ್ತದೆ. ಗಂಜ್‌ಗೆ, ಅಂದರೆ ಇಲ್ಲಿನ ಸಗಟು ಧಾನ್ಯ ಮಾರುಕಟ್ಟೆಗೆ, ಆವಕ ಜೋರಾಗಿರುವ ಜನವರಿಯಿಂದ ಮಾರ್ಚ್‌ವರೆಗೆ ಸಾಮಾನ್ಯವಾಗಿ ಭಾವ ಇಳಿದಿರುತ್ತದೆ, ದಸರಾ ದೀಪಾವಳಿ ಹೊತ್ತಿಗೆ ಹಳೆ ಮಾಲು ಕರಗುತ್ತಾ ಬಂದು ಏರುತ್ತದೆ. ಪ್ರತಿ ವರ್ಷ ಹೀಗೇ ಅಂತ ಬರೆದುಕೊಡಲಾಗದು. ಮಳೆ ಕೈಕೊಟ್ಟರೆ, ಇಲ್ಲವೇ ಆಫ್ರಿಕಾ, ಮ್ಯಾನ್ಮಾರ್ ಕಡೆಯಿಂದ ಬರುವ ತೊಗರಿ ಹೆಚ್ಚುಕಡಿಮೆಯಾದರೆ ಲೆಕ್ಕ ತಿರುಗುತ್ತದೆ. ಆದರೆ 2015ರ ದಸರಾ ನೆನಪಿದೆಯಾ? ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಸುಗ್ಗಿಯಲ್ಲೇ ಚೀಲ ತಂದಿಟ್ಟ ಮನೆಯವರು ಆ ಸಲ ಪೇಪರ್ ಓದಿ ಸುಮ್ನೆ ಮಡಚಿಟ್ಟರು.

ನಾಲ್ಕು ಜನಕ್ಕೆ ತಿಂಗಳಿಗೆ ಎರಡೂವರೆ ಕಿಲೋ ಅಂತ ಹಿಡಿದರೆ ವರ್ಷಕ್ಕೆ 30 ಕಿಲೋ. ಸುಗ್ಗಿಯ ಭಾವಕ್ಕೂ ಹಬ್ಬದ ಭಾವಕ್ಕೂ ಕಿಲೋಗೆ 20 ರೂಪಾಯಿ ಅಂತರ ಬಿದ್ದರೂ 600 ರೂಪಾಯಿ ಉಳಿಯಿತು. ಇದರ ಮೇಲೆ ತೆರಿಗೆಯದ್ದೊಂದು ವಿಷಯ ಇದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 5 ಪರ್ಸೆಂಟ್ ಜಿಎಸ್‌ಟಿ ಇದೆ, ಆದರೆ ಅದು 25 ಕಿಲೋವರೆಗಿನ ಪ್ಯಾಕ್‌ಗೆ ಮಾತ್ರ. ಚೀಲದಿಂದ ತೂಗಿ ಕೊಡುವ ಬಿಡಿ ಬೇಳೆಗೆ ಇಲ್ಲ. ಅಂಗಡಿಯಲ್ಲಿ 26 ಕಿಲೋ ಅಕ್ಕಿ ಚೀಲ ನೋಡಿ "ಇದೇನು ಲೆಕ್ಕ" ಅಂತ ಅನಿಸಿದ್ದರೆ, ಕಾರಣ ಇದೇ.

ಬೇಳೆ ತರುವಾಗ ಹೊಳಪಿಗೆ ಮರುಳಾಗಬೇಡಿ. ಎಣ್ಣೆ, ನೀರು ಕೊಟ್ಟು ಪಾಲಿಶ್ ಮಾಡಿದ ಬೇಳೆ ಮಿಂಚುತ್ತದೆ, ಅದರಿಂದ ಸಾರಿನ ರುಚಿ ಏನೂ ಹೆಚ್ಚುವುದಿಲ್ಲ. ಮೊದಲು ಅರ್ಧ ಕಿಲೋ ಮಾತ್ರ ತಂದು ಕುಕ್ಕರ್‌ಗೆ ಹಾಕಿ ನೋಡಿ, ಚೆನ್ನಾಗಿ ಬೆಂದು ಕರಗಿದರೆ ಅದೇ ಮಾಲಿನ ಚೀಲ ಹೇಳಿ. ಆಮೇಲೆ ಎರಡು ದಿನ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಡಬ್ಬಿಗೆ ತುಂಬಿ, ನಡುನಡುವೆ ಒಣಗಿದ ಬೇವಿನ ಎಲೆ ಹಾಕಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವತು ಹುಳ ಬೀಳುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ, ಅದೊಂದನ್ನು ಊರು ಪುಕ್ಕಟೆ ಕೊಡುತ್ತದೆ.

ಜೋಳ ನಿಮ್ಮ ಮನೆಗೆ ಬೇಕಾ ಅಂತ ನೀವೇ ಯೋಚಿಸಿ. ರೊಟ್ಟಿ ಬಡಿಯುವ ಕೈ ಮನೆಯಲ್ಲಿ ಇಲ್ಲದಿದ್ದರೆ ಚೀಲ ಜೋಳ ತಂದು ಮಾಡುವುದೇನು, ರೊಟ್ಟಿ ಮಾಡಿ ಮಾರುವವರು ಪ್ರತಿ ಓಣಿಯಲ್ಲೂ ಇದ್ದಾರೆ, ಅವರ ಹತ್ತಿರವೇ ತನ್ನಿ. ಬಡಿಯುವವರು ಇದ್ದರೆ ಮಾತು ಬೇರೆ. ಹಿಂಗಾರಿ ಬಿಳಿಜೋಳ ಫೆಬ್ರವರಿ, ಮಾರ್ಚ್‌ಗೆ ಬರುತ್ತದೆ, ಮಾಲದಂಡಿ ಅಂತ ಕೇಳಿ. ಕಾಳು ವರ್ಷಕ್ಕೆ ತನ್ನಿ, ಹಿಟ್ಟು ಮಾತ್ರ ವಾರಕ್ಕೆ ಆಗುವಷ್ಟೇ ಗಿರಣಿಯಲ್ಲಿ ಬೀಸಿಸಿ. ಪ್ಯಾಕೆಟ್ ಜೋಳದ ಹಿಟ್ಟು ಬೀಸಿ ಎಷ್ಟು ದಿನ ಆಗಿರುತ್ತದೋ ಏನೋ, ಹಳೆ ಹಿಟ್ಟಿಗೆ ಜಿಗಿ ಹೋಗಿರುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಕೊನೆಗೆ ಆ ಹಿಟ್ಟು ಡಬ್ಬಿಯಲ್ಲೇ ಉಳಿಯುತ್ತದೆ. ಕಡಿಮೆಗೆ ತಂದು ಚೆಲ್ಲಿದ್ದು ಯಾವ ಲೆಕ್ಕದಲ್ಲಿ ಉಳಿತಾಯ?

ಹುಣಸೆಹಣ್ಣು, ಒಣಮೆಣಸಿನಕಾಯಿ ಎರಡೂ ಬೇಸಿಗೆ ಶುರುವಿನ ಸಾಮಾನು. ಹುಣಸೆ ಬೀಜ ತೆಗೆದು ಉಪ್ಪು ಹಚ್ಚಿಟ್ಟರೆ ವರ್ಷ ನಡೆಯುತ್ತದೆ. ಖಾರಪುಡಿ ಬ್ಯಾಡಗಿ ಮತ್ತು ಗುಂಟೂರು ಬೆರೆಸಿ ಗಿರಣಿಯಲ್ಲಿ ಕುಟ್ಟಿಸಿಕೊಳ್ಳಿ, 100 ಗ್ರಾಂ ಪ್ಯಾಕೆಟ್‌ನ ರೇಟನ್ನು ಹತ್ತರಿಂದ ಗುಣಿಸಿ ನೋಡಿದರೆ ನಾನು ಯಾಕೆ ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ. ಹೆಸರು, ಉದ್ದು ಮಾತ್ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ.

"ಒಮ್ಮೆಗೇ ಇಷ್ಟು ದುಡ್ಡು ಎಲ್ಲಿಂದ ತರೋಣ" ಅಂತ ಕೇಳುತ್ತೀರಿ, ಸರಿಯಾದ ಪ್ರಶ್ನೆಯೇ. ಒಂದೇ ತಿಂಗಳು ಎಲ್ಲ ತರಬೇಡಿ. ಫೆಬ್ರವರಿಗೆ ಬೇಳೆ, ಮಾರ್ಚ್‌ಗೆ ಜೋಳ, ಏಪ್ರಿಲ್‌ಗೆ ಮೆಣಸಿನಕಾಯಿ ಮತ್ತು ಹುಣಸೆ. ಇವೆಲ್ಲ ಮಕ್ಕಳ ಶಾಲೆ ಫೀಸಿನ ಹೊತ್ತಿಗಿಂತ ಮೊದಲೇ ಮುಗಿಯುತ್ತವೆ, ಜೂನ್‌ನಿಂದ ನಿಮ್ಮ ತಿಂಗಳ ಚೀಟಿ ಸಣ್ಣದಾಗಿರುತ್ತದೆ. ಈಗಿನಿಂದ ಪ್ರತಿ ತಿಂಗಳು ಸ್ವಲ್ಪ ಬೇರೆ ಎತ್ತಿಡಿ. ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಚೀಲ ತರುವುದಾದರೆ ತರಲೇಬೇಡಿ, ಉಳಿದ 600 ಬಡ್ಡಿಗೇ ಹೋಗುತ್ತದೆ.

ಇನ್ನು ತಿಂಗಳಿಗೆ ತರುವ ಪ್ಯಾಕೆಟ್ ಸಾಮಾನು. ಇಲ್ಲಿ ಮಾರ್ಟ್ ಆದರೂ ಸರಿ, ಕಿರಾಣಿ ಆದರೂ ಸರಿ, ನೋಡಬೇಕಾದದ್ದು ತೂಕ. ಅಡುಗೆ ಎಣ್ಣೆಯದ್ದೇ ತೆಗೆದುಕೊಳ್ಳಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಈಗ ಅಷ್ಟೇ ದೊಡ್ಡದಾಗಿ ಕಾಣುವ ಪಾಕೀಟಿನಲ್ಲಿ 800, 850 ಗ್ರಾಂ ಹಾಕಿ ಮಾರುತ್ತಾರೆ. "ಈ ಕಂಪನಿದು ಹತ್ತು ರೂಪಾಯಿ ಕಡಿಮೆ" ಅಂತ ಖುಷಿಯಿಂದ ಎತ್ತಿಕೊಳ್ಳುತ್ತೇವೆ, ಎಣ್ಣೆ ಅದಕ್ಕಿಂತ ಜಾಸ್ತಿ ಕಡಿಮೆ ಇರುತ್ತದೆ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಅಂತಲೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡಾದರೂ ಅದನ್ನು ಓದಿ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ನಿಜವಲ್ಲ. ಶಾಂಪೂ ವಿಷಯದಲ್ಲಿ ಎಷ್ಟೋ ಸಲ ಬಾಟಲಿಗಿಂತ ಎರಡು ರೂಪಾಯಿಯ ಸ್ಯಾಚೆಟ್‌ನಲ್ಲೇ ಮಿಲಿಲೀಟರ್ ಲೆಕ್ಕಕ್ಕೆ ಕಡಿಮೆ ಬೀಳುತ್ತದೆ. ಬಾಟಲಿ ಇದ್ದರೆ ಮಕ್ಕಳು ಸುರಿದುಕೊಳ್ಳುವುದು ಬೇರೆ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಇವುಗಳ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿದಿದೆ. "ಡಿಸ್ಕೌಂಟ್" ಅಂತ ಬೋರ್ಡ್ ಹಾಕಿದ್ದು ನಿಜವಾಗಿ ಡಿಸ್ಕೌಂಟಾ ಅಥವಾ ಹೇಗೂ ಇಳಿಯಬೇಕಿದ್ದ ತೆರಿಗೆಯಾ ಅಂತ ಹಳೆ ಬಿಲ್ ಪಕ್ಕದಲ್ಲಿಟ್ಟು ನೋಡಿ. ಎಂಆರ್‌ಪಿಗಿಂತ ಜಾಸ್ತಿ ಯಾರಾದರೂ ಕೇಳಿದರೆ, ತಣ್ಣಗೆ ಮಾಡಿದ ಖರ್ಚು ಅಂತ ನೀರಿನ ಬಾಟಲಿಗೆ ಎರಡು ರೂಪಾಯಿ ಸೇರಿಸಿದರೂ, ಕೊಡಬೇಕಾಗಿಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ. ಸಾಮಾನ್ಯವಾಗಿ ಆ ನಂಬರ್ ಹೆಸರು ಹೇಳಿದರೇ ಸಾಕು.

ಮಾರ್ಟ್‌ಗೆ ಹೋಗಲೇಬೇಡಿ ಅನ್ನುತ್ತಿಲ್ಲ. ಫಿನೈಲ್, ಬಟ್ಟೆ ಪುಡಿ ಅಲ್ಲಿ ನಿಜವಾಗಿಯೂ ಕಡಿಮೆ ಸಿಗಬಹುದು. ಆದರೆ ಕುಟುಂಬ ಸಮೇತ ಭಾನುವಾರ ಸಂಜೆ ಹೋಗಬೇಡಿ, ಅದು ಸಂತೆಯಲ್ಲ, ಜಾತ್ರೆ. ಜಾತ್ರೆಗೆ ಹೋದವರು ಬೇಕಾದದ್ದನ್ನಷ್ಟೇ ತಂದ ಉದಾಹರಣೆ ಇಲ್ಲ.

ಕಾಯಿಪಲ್ಲೆಗೆ ಕಣ್ಣಿ ಮಾರ್ಕೆಟ್ ಒಳ್ಳೆಯದು, ಆಟೋ ಖರ್ಚು ಇಲ್ಲದೆ ಹೋಗಿ ಬರುವಂತಿದ್ದರೆ ಮಾತ್ರ. ಆಟೋಗೆ ಕೊಟ್ಟು ಟೊಮೆಟೊದಲ್ಲಿ ಹತ್ತು ರೂಪಾಯಿ ಉಳಿಸುವುದಕ್ಕಿಂತ ಓಣಿಗೆ ಬರುವ ಗಾಡಿಯವರ ಹತ್ತಿರ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಪುಂಡಿಪಲ್ಲೆ, ಮೆಂತ್ಯ, ರಾಜಗಿರಿ ಅಗ್ಗ ಇರುತ್ತದೆ, ಆಗ ಹೊಟ್ಟೆ ತುಂಬ ತಿನ್ನಿ. ಏಪ್ರಿಲ್, ಮೇನಲ್ಲಿ ಸೊಪ್ಪು ತುಟ್ಟಿ, ತಂದದ್ದು ಮಧ್ಯಾಹ್ನಕ್ಕೇ ಬಾಡುತ್ತದೆ. ಆ ಎರಡು ತಿಂಗಳು ನಮ್ಮಲ್ಲಿ ಮಡಕಿ ಕಾಳು, ಹೆಸರುಕಾಳು ಮೊಳಕೆ ಕಟ್ಟಿ ಪಲ್ಯ ಮಾಡುತ್ತೇವೆ, ಜೊತೆಗೆ ಶೇಂಗಾ ಚಟ್ನಿ. ಬೆಂಗಳೂರಿನ ಹಾಗೆ ಹನ್ನೆರಡು ತಿಂಗಳೂ ಬೀನ್ಸ್, ಕ್ಯಾರೆಟ್ ಬೇಕು ಅಂತ ಕೂತರೆ ಬಿಲ್ ಇಳಿಯುವುದಿಲ್ಲ, ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತಿದ್ದೇನೆ.

ಕಿರಾಣಿ ಅಂಗಡಿಯ ಉದ್ರಿ ಬಗ್ಗೆಯೂ ಕೇಳಿದ್ದಿರಿ. ಪರಿಚಯದ ಅಂಗಡಿ ಒಂದು ಇರಲಿ, ಕೆಟ್ಟ ಬೇಳೆ ವಾಪಸ್ ತೆಗೆದುಕೊಳ್ಳುವವರು ಅವರೇ. ಆದರೆ ಉದ್ರಿ ಬರೆಸಿದ ದಿನ ನೀವು ರೇಟ್ ಕೇಳುವುದಿಲ್ಲ, ಚೌಕಾಸಿಗೂ ಬಾಯಿ ಬರುವುದಿಲ್ಲ. ರೊಕ್ಕ ಕೊಟ್ಟೇ ತನ್ನಿ.

ಬಾಡಿಗೆ ಮನೆ ಸಣ್ಣದು, 30 ಕಿಲೋ ಇಡಲು ಜಾಗ ಇಲ್ಲ ಅಂದರೆ ಪಕ್ಕದ ಮನೆಯವರನ್ನು ಕೇಳಿ, ಇಬ್ಬರು ಸೇರಿ ಒಂದು ಚೀಲ ತಂದು ಹಂಚಿಕೊಳ್ಳುವುದು ಇಲ್ಲಿ ಹೊಸದೇನಲ್ಲ. ಸುಗ್ಗಿ ದಾಟಿದ್ದರೆ ಈ ವರ್ಷ ಬೇಳೆಗೆ ಅವಸರ ಮಾಡದೆ ತಿಂಗಳಿಗೆ ಬೇಕಾದಷ್ಟನ್ನೇ ಬಿಡಿಯಾಗಿ ತನ್ನಿ, ಎಣ್ಣೆ ಪಾಕೀಟಿನ ಗ್ರಾಂ ನೋಡುವುದನ್ನು ಮಾತ್ರ ನಾಳೆಯಿಂದಲೇ ಶುರು ಮಾಡಬಹುದು. ಮನೆ ಯಾವ ಕಡೆ ಅಂತ ಬರೆದರೆ, ಅಲ್ಲಿಂದ ಗಂಜ್ ಹತ್ತಿರವೋ ಮಿಲ್ ಹತ್ತಿರವೋ ನೋಡಿ ಹೇಳುತ್ತೇನೆ.