ಉಡುಪಿಯ ಎಂಟು ಮಂದಿಯ ಕಚೇರಿಗೆ ಇಂಟರ್ನೆಟ್ ಫೋನ್ ವ್ಯವಸ್ಥೆ ಬಂದಿದೆ: ಎಲ್ಲಿಂದ ಆರಂಭಿಸಬೇಕು?

ಫೋನ್‌ಗಳನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲು ವಿದ್ಯುತ್ತಿನ ವ್ಯವಸ್ಥೆಯನ್ನು ನೋಡಿಕೊಳ್ಳಿ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತಿದ್ದುದರಿಂದ, ಜುಲೈ ತಿಂಗಳ ಗಾಳಿಮಳೆಗೆ ಕರೆಂಟು ಹೋದರೂ ಅದು ರಿಂಗಣಿಸುತ್ತಿತ್ತು (ತಂತಿಯ ಮೇಲೆ ತೆಂಗಿನ ಮಡಲು ಬೀಳದಿದ್ದರೆ, ಅಷ್ಟೇ). ಇಂಟರ್ನೆಟ್ ಫೋನ್ ಹಾಗಲ್ಲ. ಫೈಬರ್ ಮೋಡೆಮ್, ರೂಟರ್ ಮತ್ತು ಫೋನ್‌ಗಳಿಗೆ ವಿದ್ಯುತ್ ಹಂಚುವ ಪಿಒಇ ಸ್ವಿಚ್, ಈ ಮೂರನ್ನೂ ಯುಪಿಎಸ್‌ಗೆ ಜೋಡಿಸಬೇಕು.

ವೇಗದ ಚಿಂತೆ ಅಷ್ಟಾಗಿ ಬೇಡ. ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರುವ ಸಾಮಾನ್ಯ ವಿಧಾನವಾದ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಸಾಕು. ನಿಜವಾಗಿ ಕಾಡುವುದು ವಿಳಂಬ: ಮಾತು ಆ ತುದಿಯನ್ನು ತಲುಪಲು 150 ಮಿಲಿಸೆಕೆಂಡಿಗಿಂತ ಬಹಳ ಹೆಚ್ಚು ಹಿಡಿದರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತನಾಡತೊಡಗುತ್ತಾರೆ. ಆದ್ದರಿಂದ ವೈಫೈ ಬದಲು ಕೇಬಲ್ ಬಳಸಿ, ರೂಟರ್‌ನಲ್ಲಿ ಧ್ವನಿಗೆ ಆದ್ಯತೆ ಕೊಡಿ. ಒಂದೇ ಕಡೆಯವರ ಧ್ವನಿ ಕೇಳಿಸುತ್ತಿದ್ದರೆ ರೂಟರ್‌ನ ಎಸ್‌ಐಪಿ ಎಎಲ್‌ಜಿಯನ್ನು (ಇಂಟರ್ನೆಟ್ ಕರೆಗಳ ಸಂದೇಶಗಳನ್ನು ನಡುವೆ ತಿದ್ದುವ ಸೆಟ್ಟಿಂಗ್) ನಿಷ್ಕ್ರಿಯಗೊಳಿಸಿ ನೋಡಿ. ಮಂಗಳೂರಿನ ನಮ್ಮ ಕಚೇರಿಯಲ್ಲಿ ಎರಡು ದಿನ "ಹಲೋ, ಹಲೋ" ಎಂದು ಕೂಗಿಸಿದ ಸಮಸ್ಯೆ ಅದರಿಂದಲೇ ಬಗೆಹರಿಯಿತು.

ಹೊಸ ವ್ಯವಸ್ಥೆಯಲ್ಲಿ ಒಳಬರುವ ಕರೆಗಳನ್ನು ಪರೀಕ್ಷಿಸುವ ತನಕ ಹಳೆಯ 0820 ಸಂಖ್ಯೆಯನ್ನು ರದ್ದುಮಾಡಬೇಡಿ.