ಐರ್ಲೆಂಡಿನಲ್ಲಿದ್ದೇನೆ, ಕೆಲ್ಟಿಕ್, ಅಂದರೆ ಇಲ್ಲಿಯ ಕ್ರೈಸ್ತಪೂರ್ವ ಕಾಲದ ದೇವತೆಗಳ ನಿತ್ಯಪೂಜೆ ಶುರು ಮಾಡಬೇಕು. ಯಾವ ದೇವತೆಯನ್ನು ಆರಿಸಿಕೊಳ್ಳಲಿ?

ನಿಮ್ಮ ಟೈಮ್‌ಟೇಬಲ್ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಪೂಜೆ, ಸಂಜೆ ಧ್ಯಾನ, ಒಂಬತ್ತು ವಿಗ್ರಹ, ವರ್ಷಕ್ಕೆ ಎಂಟು ಹಬ್ಬ, ಎಂದೂ ಆರದ ಒಂದು ದೀಪ. ಇಂಥದ್ದೇ ಪಟ್ಟಿಯೊಂದನ್ನು ನಾನೂ ಫ್ರಿಜ್ ಮೇಲೆ ಅಂಟಿಸಿದ್ದೆ. ಅದರಲ್ಲಿದ್ದ ದೀಪದಿಂದ ನನ್ನ ಬಾಡಿಗೆ ಮನೆ ಹೋಯಿತು, ಡೆಪಾಸಿಟ್ಟೂ ಹೋಯಿತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಸಾಗರದ ಕಡೆಯವಳು, ನರ್ಸ್. ಕೆಲಸ ಸಿಕ್ಕಿ ಬಂದಿಳಿದದ್ದು ಕಿಲ್ಡೇರ್ ಕೌಂಟಿಗೆ. ಕಿಲ್ಡೇರ್ ಅಂದರೆ ಬ್ರಿಜಿಡ್‌ನ ಊರು. ಕ್ರೈಸ್ತರಿಗೆ ಆಕೆ ಸಂತಳು. 900ರ ಸುಮಾರಿನ ಒಂದು ಐರಿಷ್ ಪದಕೋಶದಲ್ಲಿ ಆಕೆ ಕವಿಗಳು ಪೂಜಿಸುತ್ತಿದ್ದ ದೇವತೆ, ಹಳೆಯ ಐರಿಷ್ ದೇವರುಗಳಲ್ಲಿ ಹಿರಿಯನಾದ ದಾಗ್ದನ ಮಗಳು. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು, ಒಬ್ಬಳು ವೈದ್ಯೆ, ಇನ್ನೊಬ್ಬಳು ಕಮ್ಮಾರಿಕೆಯವಳು. ವೈದ್ಯೆ ಅಂತ ಓದಿದ ಮೇಲೆ ನನ್ನಂಥವಳಿಗೆ ಇನ್ನೇನು ಬೇಕು? ಊರಿನಲ್ಲಿ ಆಕೆಯ ಹೆಸರಿನ ಜ್ಯೋತಿಯೊಂದು ಉರಿಯುತ್ತದೆ. ಹಳೆಯ ಬೆಂಕಿ 16ನೇ ಶತಮಾನದ ಮತಸುಧಾರಣೆಯ ಗಲಾಟೆಯಲ್ಲಿ ನಿಂತುಹೋಗಿತ್ತು. 1993ರಲ್ಲಿ ಬ್ರಿಜಿಡ್ ಹೆಸರಿನ ಸನ್ಯಾಸಿನಿಯರ ಸಂಘವೊಂದು ಊರಿನ ಚೌಕದಲ್ಲಿ ಮತ್ತೆ ಹೊತ್ತಿಸಿತು. ನೋಡಿದ ತಕ್ಷಣ ನನಗೆ ಅನಿಸಿದ್ದು ಒಂದೇ: ಅರೆ, ನಮ್ಮ ನಂದಾದೀಪ!

ಆಗ ನನ್ನ ಯಜಮಾನರ ವೀಸಾ ಸಿಕ್ಕಿಹಾಕಿಕೊಂಡಿತ್ತು. ಊರಾಚೆ ಟುಲ್ಲಿಯಲ್ಲಿ ಬ್ರಿಜಿಡ್‌ನ ಬಾವಿ ಇದೆ. ಅಲ್ಲಿ ನಿಂತು ಹರಕೆ ಹೊತ್ತೆ. "ಇವರ ವೀಸಾ ಆದರೆ ನಿನಗೆ ಮನೆಯಲ್ಲಿ ನಂದಾದೀಪ ಇಡುತ್ತೇನೆ ತಾಯಿ." ವೀಸಾ ಆಯಿತು. ದೀಪ ಹಚ್ಚಿದೆ.

ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಗಾಜಿನ ಜಾರ್, ಸೂರ್ಯಕಾಂತಿ ಎಣ್ಣೆ, ಹತ್ತಿ ಬತ್ತಿ. ರಾತ್ರಿ ಪಾಳಿಗೆ ಹೊರಡುವ ಮೊದಲು ಎಣ್ಣೆ ತುಂಬಿಸುವುದು. ರಜೆ ದಿನ ನಡುರಾತ್ರಿ ಅಲಾರಂ ಇಟ್ಟು ಎದ್ದು ಬತ್ತಿ ನೋಡುವುದು. ವಾರ್ಡಿನಲ್ಲಿ ಡ್ರಿಪ್ ಬದಲಿಸುವಾಗಲೂ ತಲೆಯಲ್ಲಿ ದೀಪವೇ. ಹೊಗೆಗೆ ಅಲಾರಂ ಕೂಗಿಕೊಳ್ಳಬಾರದು ಅಂತ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡುತ್ತಿದ್ದೆ. ಒಂದು ಚಳಿಗಾಲದ ರಾತ್ರಿ ಗಾಳಿ ಎದ್ದಿತು, ಪರದೆ ಹಾರಿತು. ನಾವಿಬ್ಬರೂ ಕೆಲಸದಲ್ಲಿದ್ದೆವು, ಪುಣ್ಯ. ಪಕ್ಕದ ಮನೆಯವರು ಅಲಾರಂ ಕೇಳಿ ಫೋನ್ ಮಾಡಿದರು. ನಾನು ಬರುವಷ್ಟರಲ್ಲಿ ಬೆಂಕಿ ಆರಿತ್ತು. ಪ್ಲಾಸ್ಟಿಕ್ ಕಿಟಕಿ ಚೌಕಟ್ಟು ಕರಗಿ ಒಳಕ್ಕೆ ಬಾಗಿತ್ತು. ಮೇಲೆ ನೇತುಹಾಕಿದ್ದ ಬ್ರಿಜಿಡ್ ಶಿಲುಬೆಯ ಒಂದು ತೋಳು ಕರಿ ಹಿಡಿದಿತ್ತು. ಜೊಂಡುಹುಲ್ಲಿನಲ್ಲಿ ಹೆಣೆಯುವ ಈ ಶಿಲುಬೆಯನ್ನು ಇಲ್ಲಿಯ ಜನ ಕಟ್ಟುವುದೇ ಮನೆಗೆ ಬೆಂಕಿ ತಗುಲದಿರಲಿ ಅಂತ.

ಈಗ ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಕೆದಕಿ ಹೇಳಬೇಕು, ಯಾಕಂದರೆ ಕೇಳಿದವರೆಲ್ಲ ಪರದೆಯನ್ನೇ ಬೈಯುತ್ತಾರೆ. ಪರದೆ ತೆಗೆದಿದ್ದರೂ ಇನ್ನೊಂದು ಆಗುತ್ತಿತ್ತು. ಜಾರ್ ಒಡೆಯುತ್ತಿತ್ತು, ಇಲ್ಲಾ ನಾನೇ ನಿದ್ದೆಗೆಟ್ಟು ವಾರ್ಡಿನಲ್ಲಿ ಬೇರೆ ಔಷಧಿ ಕೊಟ್ಟುಬಿಡುತ್ತಿದ್ದೆ. ಕಿಲ್ಡೇರ್ ಬೆಂಕಿಯ ಬಗ್ಗೆ ಹಳೆಯ ವರ್ಣನೆ ಕೊಟ್ಟವನು ಜೆರಾಲ್ಡ್ ಎಂಬ ವೇಲ್ಸ್‌ನ ಪಾದ್ರಿ, 12ನೇ ಶತಮಾನದ ಕೊನೆಯ ಹೊತ್ತಿಗೆ. ಅವನು ಬರೆದದ್ದು ಇಷ್ಟು: ಹತ್ತೊಂಬತ್ತು ಸನ್ಯಾಸಿನಿಯರು, ಒಬ್ಬೊಬ್ಬರಿಗೆ ಒಂದೊಂದು ರಾತ್ರಿ. ಇಪ್ಪತ್ತನೇ ರಾತ್ರಿ ಸೌದೆ ಒಟ್ಟಿ, "ಇವತ್ತು ನಿನ್ನ ಸರದಿ, ನಿನ್ನ ಬೆಂಕಿ ನೀನೇ ನೋಡಿಕೋ" ಅಂತ ಬ್ರಿಜಿಡ್‌ಗೆ ಹೇಳಿ ಹೋಗಿ ಮಲಗುವುದು. ಇದನ್ನು ನಾನು ಓದಿದ್ದೆ. ಓದಿ, "ಬೆಂಕಿ ಆರುವುದಿಲ್ಲ" ಅನ್ನುವ ಒಂದು ಮಾತನ್ನು ಮಾತ್ರ ಇಟ್ಟುಕೊಂಡು ಹತ್ತೊಂಬತ್ತು ಜನರನ್ನೂ ಬಿಟ್ಟುಬಿಟ್ಟೆ. ದೇವಿಗೆ ಇದ್ದ ಇಪ್ಪತ್ತನೇ ರಾತ್ರಿಯನ್ನೂ ಬಿಡದೆ ನಾನೇ ಹೊತ್ತುಕೊಂಡೆ. ದುರಹಂಕಾರ ಅಂದರೂ ಸರಿಯೇ.

ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. "ದೇವಸ್ಥಾನದ ನಂದಾದೀಪಕ್ಕೆ ಎಣ್ಣೆ ಹಾಕೋಕೆ ಭಟ್ರಿದ್ದಾರೆ, ಎಣ್ಣೆ ಕೊಡೋಕೆ ಊರಿದೆ. ನಿಂಗ್ಯಾರಿದ್ದಾರೆ ಕಣೇ?" ಸರಿಯಾದ ಮಾತು. ನಮ್ಮ ಹಳೆಯ ಶಾಸನಗಳಲ್ಲೇ ನಂದಾದೀವಿಗೆಗೆ ಅಂತ ಭೂಮಿ ಬಿಟ್ಟದ್ದು, ಎಣ್ಣೆಗೆ ಗಾಣದ ಆದಾಯ ಬಿಟ್ಟದ್ದು ಎಷ್ಟು ಸಲ ಬರುವುದಿಲ್ಲ? ಎಲ್ಲಿಯೂ ಅದು ಒಬ್ಬರ ಕೈಯ ಕೆಲಸ ಆಗಿರಲಿಲ್ಲ. ಇನ್ನೊಂದು, ನಮ್ಮ ಹರಕೆಗೆ ಕೊನೆ ಅಂತ ಒಂದಿರುತ್ತದೆ. ಮುಡಿ ಕೊಟ್ಟೆವು, ತೀರಿತು. ತುಲಾಭಾರ ಆಯಿತು, ತೀರಿತು. ನಾನು ಹೊತ್ತದ್ದು ತೀರುವ ದಾರಿಯೇ ಇಲ್ಲದ ಹರಕೆ. ಅಂಥದ್ದನ್ನು ಯಾವ ದೇವರಿಗೂ ಹೊರಬೇಡಿ. ಬೇಕಿದ್ದರೆ "ಇಂಬೊಲ್ಕ್‌ವರೆಗೆ ಮಾಡುತ್ತೇನೆ" ಅನ್ನಿ (ಇಂಬೊಲ್ಕ್ ಅಂದರೆ ಫೆಬ್ರವರಿ ಶುರುವಿನಲ್ಲಿ ಬರುವ ಬ್ರಿಜಿಡ್ ಹಬ್ಬ), ಆಮೇಲೆ ಮುಂದುವರಿಸುವುದು ನಿಮ್ಮ ಇಷ್ಟ.

ಮಾಲೀಕರು ಮನೆ ಖಾಲಿ ಮಾಡಿಸಿದರು. ಕರಾರಿನಲ್ಲಿ ಮೋಂಬತ್ತಿ ಹಚ್ಚಬಾರದು ಅಂತ ಸ್ಪಷ್ಟವಾಗಿ ಇತ್ತು, ನಾನು ಓದಿರಲಿಲ್ಲ. ಹಣಕ್ಕಿಂತ ಜಾಸ್ತಿ ಕಾಡಿದ್ದು ವ್ರತ ಮುರಿದೆ ಅನ್ನುವ ಭಯ. ತುಂಬಾ ದಿನ ಆ ಚೌಕದ ಕಡೆ ಹೋಗಲಿಲ್ಲ. ಮೊದಲೆಲ್ಲ ಸುಮ್ನೆ ಕೂತು ಬ್ರಿಜಿಡ್ ಜೊತೆ ಎರಡು ಮಾತಾಡುತ್ತಿದ್ದೆನಲ್ಲ, ಅದೂ ನಿಂತುಹೋಯಿತು. ದೊಡ್ಡದನ್ನು ಹೊರಲು ಹೋಗಿ ಸಣ್ಣದನ್ನೂ ಕಳೆದುಕೊಂಡೆ.

ಮತ್ತೆ ಶುರುವಾದದ್ದು ಬೂದಿಯಿಂದ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಹಳ್ಳಿಮನೆಗಳಲ್ಲಿ ಹೆಂಗಸರು ರಾತ್ರಿ ಮಲಗುವ ಮುಂಚೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರು. ಮುಚ್ಚುವಾಗ ಬ್ರಿಜಿಡ್ ಹೆಸರು ಹೇಳಿ, ಮನೆಯನ್ನೂ ಮಕ್ಕಳನ್ನೂ ದನಕರುವನ್ನೂ ಕಾಯಿ ಅಂತ ಬೇಡುತ್ತಿದ್ದರು. ಇದನ್ನು ಓದಿದಾಗ ಮೈ ಜುಂ ಅಂದಿತು. ನಮ್ಮಜ್ಜಿಯೂ ದಿನಾ ರಾತ್ರಿ ಹೀಗೇ ಕೆಂಡ ಮುಚ್ಚುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ಊದುಗೊಳವೆಯಿಂದ ಎರಡು ಸಲ ಊದಿದರೆ ಬೆಂಕಿ ಎದ್ದು ಕೂರುತ್ತಿತ್ತು. ಅಜ್ಜಿಗೆ ಅದು ಪೂಜೆ ಅಂತ ಯಾರೂ ಹೇಳಿರಲಿಲ್ಲ.

ಈಗಿನ ನನ್ನ ನಿತ್ಯಪೂಜೆ ಇಷ್ಟೇ. ರಾತ್ರಿ ಇಂಡಕ್ಷನ್ ಒಲೆ ಆಫ್ ಮಾಡಿ, ಒರೆಸಿ, ಅದರ ಮೇಲೆ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ, "ಬ್ರೀದಮ್ಮ, ಇವತ್ತಿನ ಬೆಂಕಿ ನಿನ್ನ ಸುಪರ್ದಿ, ಬೆಳಿಗ್ಗೆ ವಾಪಸ್ ಕೊಡು" ಅನ್ನುತ್ತೇನೆ. ಬ್ರೀದ್ ಅಂದರೆ ಐರಿಷ್ ಭಾಷೆಯಲ್ಲಿ ಬ್ರಿಜಿಡ್. ಪಾಳಿ ಇದ್ದ ದಿನ ಹೊರಡುವಾಗಲೇ ಹೇಳಿಬಿಡುತ್ತೇನೆ. ಕ್ರೈಸ್ತಪೂರ್ವ ಕಾಲದ ಐರಿಷ್ ಪ್ರಾರ್ಥನೆ ಹಾಗೇ ಉಳಿದುಬಂದದ್ದು ಒಂದೂ ಇಲ್ಲ. ಕಥೆಗಳನ್ನೆಲ್ಲ ಬರೆದಿಟ್ಟವರು ಮಠದ ಸನ್ಯಾಸಿಗಳು. ಆದ್ದರಿಂದ ಅಂಗಡಿಯ ಪುಸ್ತಕದ ಹಳೇ ಇಂಗ್ಲಿಷ್ ಮಂತ್ರಗಳಿಗೆ ನಿಮ್ಮ ಮಾತಿಗಿಂತ ಜಾಸ್ತಿ ತೂಕ ಕೊಡಬೇಕಿಲ್ಲ. ಲ್ಯಾಟಿನ್ ಕೇಳಿ ಸಹಿಸಿಕೊಂಡವಳು ಕನ್ನಡ ಕೇಳಲಾರಳಾ?

ದೀಪ ಪೂರ್ತಿ ಬಿಟ್ಟಿಲ್ಲ. ಇಪ್ಪತ್ತು ದಿನದ ಸರದಿಯಲ್ಲಿ ಬೇರೆ ಬೇರೆ ದೇಶದ ಭಕ್ತರು ಒಂದೊಂದು ದಿನ ಹಂಚಿಕೊಂಡು, ಇಪ್ಪತ್ತನೆಯದನ್ನು ಬ್ರಿಜಿಡ್‌ಗೇ ಬಿಡುವ ಗುಂಪುಗಳಿವೆ. ಅಂಥದ್ದೊಂದರಲ್ಲಿ ನನಗೂ ಒಂದು ದಿನ ಇದೆ. ಬ್ಯಾಟರಿ ದೀಪ ಇಡುತ್ತೇನೆ. ಬ್ಯಾಟರಿ ಸಲ್ಲದು ಅನ್ನುವವರು ಮೊದಲು ನನ್ನ ಡೆಪಾಸಿಟ್ ವಾಪಸ್ ಕೊಡಲಿ.

ಇನ್ನು ನಿಮ್ಮ ಪ್ರಶ್ನೆ. ಯಾವ ದೇವತೆಯನ್ನು ಆರಿಸಿಕೊಳ್ಳಲಿ? ಆರಿಸುವ ಮಾತೇ ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ಚೌಡಿಯನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಆ ಜಾಗದಲ್ಲಿ ತೋಟ ಮಾಡಿದಿರಿ, ಆಕೆ ಅಲ್ಲಿದ್ದಾಳೆ, ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸಬೇಕು, ಮುಗೀತು. ನೀವು ಇರುವುದು ಡ್ರಾಹೆಡದಲ್ಲಿ ಅಂದಿರಿ. ಊರೊಳಗೇ ಬಾಯ್ನ್ ನದಿ ಹರಿಯುತ್ತದೆ, ಅದರ ದೇವತೆ ಬೋವನ್. ಹತ್ತಿರ ಹೋಗಬಾರದಿದ್ದ ಬಾವಿಯ ಹತ್ತಿರ ಹೋಗಿ, ನೀರು ಉಕ್ಕಿ, ಆಕೆಯನ್ನು ಸಮುದ್ರದವರೆಗೆ ಅಟ್ಟಿಸಿಕೊಂಡು ಹೋಗಿ ನದಿಯಾದ ಕಥೆ. ಅಗಸ್ತ್ಯರ ಕಮಂಡಲದಿಂದ ಹೊರಬಿದ್ದ ಕಾವೇರಿಯನ್ನು ಕೇಳಿ ಬೆಳೆದವರಿಗೆ ಇದು ಬೇಗ ಹತ್ತಿರವಾಗುತ್ತದೆ. ಬಾಗಿಲಲ್ಲೇ ನದಿ ಇಟ್ಟುಕೊಂಡು ಪ್ಯಾರಿಸ್‌ನ ದೇವರನ್ನು ಹುಡುಕುವುದು ಯಾಕೆ? ನಿಮ್ಮ ಪಟ್ಟಿಯ ಕೊಂಬಿನ ಕೆರ್ನುನ್ನೋಸ್ ಹೆಸರು ಸಿಕ್ಕಿದ್ದು 1711ರಲ್ಲಿ, ನೋಟ್ರ್ ಡಾಮ್ ಚರ್ಚಿನ ಕೆಳಗೆ ಅಗೆದಾಗ ಹೊರಬಂದ ರೋಮನ್ ಕಾಲದ ಕಂಬವೊಂದರ ಮೇಲೆ. ಐರ್ಲೆಂಡಿನ ಒಲೆಯ ಪಕ್ಕ ಅವನಿಗೇನು ಕೆಲಸ?

ಕಾಗೆ ಪದೇಪದೇ ಕಾಣಿಸುತ್ತಿದೆ, ಕಾಗೆಯ ರೂಪದಲ್ಲಿ ಬರುವ ಯುದ್ಧದೇವತೆ ಮೋರಿಗನ್ ಕರೆಯುತ್ತಿದ್ದಾಳಾ ಅಂತಲೂ ಕೇಳಿದ್ದೀರಿ. ಈ ದೇಶದಲ್ಲಿ ಕಾಗೆ ಕಾಣದ ದಿನ ಉಂಟಾ? ಕಸದ ಡಬ್ಬಿ ಮುಚ್ಚಿ ನೋಡಿ ಮೊದಲು. ಆಮೇಲೂ ಬಂದರೆ ಮಾತಾಡೋಣ.

ವೇದದ ದಾನು, ಐರಿಷ್ ದನು ಒಂದೇ, ಹಾಗಾಗಿ ನಮ್ಮ ಶ್ಲೋಕವನ್ನೇ ಹೇಳಿದರೆ ಸಾಕು ಅನ್ನುವ ವಿಡಿಯೋ ನಾನೂ ನೋಡಿದ್ದೇನೆ. ಋಗ್ವೇದದ ದಾನು ವೃತ್ರನ ತಾಯಿ, ಇಂದ್ರನ ಎದುರು ಪಕ್ಷ. ಇಲ್ಲಿಯ ದನು ದೇವತೆಗಳ ಕುಲಕ್ಕೇ ಹೆಸರು ಕೊಟ್ಟವಳು. ಹೆಸರು ಹೊಂದಿತು ಅಂತ ಇಬ್ಬರನ್ನೂ ಒಂದೇ ಪೀಠದಲ್ಲಿ ಕೂರಿಸಿದರೆ ಇಬ್ಬರಿಗೂ ಅವಮಾನ. ಆದರೆ ಮನೆದೇವರು ಕೋಪಿಸಿಕೊಳ್ಳುತ್ತಾರಾ ಅನ್ನುವ ನಿಮ್ಮ ಭಯ ಬೇಡ. ರೋಮನ್ನರ ಕಾಲದಲ್ಲಿ ಜರ್ಮನಿಯ ಟ್ರಿಯರ್ ಸೀಮೆಯವನೊಬ್ಬ ಇಂಗ್ಲೆಂಡಿನ ಬಾತ್‌ನಲ್ಲಿ, ಸುಲಿಸ್ ದೇವಿಯ ಊರಿನಲ್ಲೇ, ತನ್ನೂರಿನ ದೇವರುಗಳಿಗೆ ಕಲ್ಲು ನಿಲ್ಲಿಸಿದ್ದಾನೆ. ನನ್ನ ಕಪಾಟಿನಲ್ಲಿ ಮಂಜುನಾಥನೂ ಇದ್ದಾನೆ, ಸುಟ್ಟ ಶಿಲುಬೆಯೂ ಇದೆ. ನಿಮ್ಮ ರಕ್ತದಲ್ಲಿ ಕೆಲ್ಟ್ ಇಲ್ಲ ಅಂತ ಯಾರಾದರೂ ತಗಾದೆ ತೆಗೆದರೆ ಅಂಥವರಿಂದ ದೂರ ಇರಿ, ಅವರಿಗೆ ದೇವರಿಗಿಂತ ಬಣ್ಣ ಮುಖ್ಯ.

ಎಂಟು ಹಬ್ಬದ ಚಕ್ರ 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೋಡಿಸಿದ್ದು. ಹಳೆಯ ಐರಿಷ್ ಕಥೆಗಳಲ್ಲಿ ವರ್ಷವನ್ನು ಭಾಗ ಮಾಡುವುದು ನಾಲ್ಕು: ಸೌವಿನ್, ಇಂಬೊಲ್ಕ್, ಬೆಲ್ಟನೆ, ಲೂನಸ. ಈ ವರ್ಷ ಇಂಬೊಲ್ಕ್ ಒಂದೇ ಸಾಕು ನಿಮಗೆ. 2023ರಿಂದ ಬ್ರಿಜಿಡ್ ಹೆಸರಿನಲ್ಲಿ ಸರ್ಕಾರಿ ರಜೆಯೂ ಇದೆ, ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ. ಜನವರಿ 31ರ ಸಂಜೆ ಒಂದು ಹತ್ತಿ ಬಟ್ಟೆಯನ್ನು ಹೊರಗೆ ಗಿಡದ ಮೇಲೋ ಕಿಟಕಿಯಾಚೆಗೋ ಹಾಕಿ. ರಾತ್ರಿ ಬ್ರಿಜಿಡ್ ಹಾದುಹೋಗುತ್ತಾ ಅದನ್ನು ಮುಟ್ಟುತ್ತಾಳೆ ಅನ್ನುವುದು ನಂಬಿಕೆ. ಬೆಳಿಗ್ಗೆ ಮಂಜಿಗೆ ನೆಂದು ತಣ್ಣಗೆ ಭಾರವಾಗಿರುತ್ತದೆ, ಒಳಗೆ ತಂದು ಒಣಗಿಸಿ ಎತ್ತಿಡಿ. ತಲೆನೋವು, ಗಂಟಲುನೋವಿಗೆ ಇಲ್ಲಿಯವರು ಅದನ್ನೇ ಸುತ್ತಿಕೊಳ್ಳುತ್ತಿದ್ದರು. ನಾನೂ ಸುತ್ತಿಕೊಳ್ಳುತ್ತೇನೆ, ಪ್ಯಾರಾಸಿಟಮಾಲ್ ನುಂಗಿದ ಮೇಲೆ.

ಬಾವಿಗಳ ಹತ್ತಿರದ ಮರಕ್ಕೆ ಮಾತ್ರ ದಯವಿಟ್ಟು ಪಾಲಿಯೆಸ್ಟರ್ ರಿಬ್ಬನ್ ಕಟ್ಟಬೇಡಿ. ಕಟ್ಟಿದ ಬಟ್ಟೆ ಕೊಳೆತ ಹಾಗೆ ಕಾಯಿಲೆಯೂ ಕರಗುತ್ತದೆ ಅನ್ನುವುದು ಅಲ್ಲಿಯ ಲೆಕ್ಕ. ಪಾಲಿಯೆಸ್ಟರ್ ಕಟ್ಟಿದರೆ ನಿಮ್ಮ ಸೊಂಟನೋವು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಟುಲ್ಲಿಯಲ್ಲಿ ಇಂಥ ಬಣ್ಣಬಣ್ಣದ ಪಟ್ಟಿಗಳನ್ನು ನೋಡಿ ನನಗೆ ಸಾಕಾಗಿದೆ.

ಒಂಬತ್ತು ವಿಗ್ರಹದ ಆರ್ಡರ್ ಇನ್ನೂ ಹೊರಟಿರದಿದ್ದರೆ ಕ್ಯಾನ್ಸಲ್ ಮಾಡಿ. ಡ್ರಾಹೆಡದಲ್ಲಿ ಬಾಯ್ನ್‌ಗೆ ಸಮುದ್ರದ ಉಬ್ಬರ ಏರಿ ಬರುತ್ತದೆ. ಯಾವ ಹೊತ್ತಿಗೆ ನೀರು ತಿರುಗುತ್ತದೆ ಅಂತ ಒಂದು ವಾರ ಹೋಗಿ ನೋಡಿ ಬನ್ನಿ, ಕೈಯಲ್ಲಿ ಏನೂ ಬೇಡ. ಆ ಮೇಲೂ ಮನಸ್ಸಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಶಿಲುಬೆ ಹೆಣೆಯೋಕೆ ಜೊಂಡುಹುಲ್ಲು ಎಲ್ಲಿ ಸಿಗುತ್ತೆ ಅಂತ ಹೇಳುತ್ತೇನೆ. ಅದನ್ನು ಕೊಯ್ಯಬಾರದು, ಕೈಯಿಂದ ಎಳೆದು ಕೀಳಬೇಕು.